ಮೋಟಾರು ಗಾಡಿಯ ಟೆಲಿಫೋನು

ಹಳೆಯ ಮೋಟಾರು ಗಾಡಿಯೊಂದನ್ನು ಕೊಂಡು, ಅದು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಮಾಡಿ ನಿಲ್ಲಿಸಬೇಕೆಂಬ ಹಂಬಲ ಲೋಕದಲ್ಲಿ ಅನೇಕರಿಗೆ ಉಂಟು. ಹೊರಗಿನವರ ಕಣ್ಣಿಗೆ ಅದು ಹುಚ್ಚು. ಗುಜರಿಯಲ್ಲಿ ಬಿದ್ದಿದ್ದ ಗಾಡಿಗೆ ಹೊಸ ಗಾಡಿಯ ಬೆಲೆಗಿಂತ ಹೆಚ್ಚು ಹಣ ಸುರಿದು, ಬಂಪರಿಗೆ ಗಿಲೀಟು ಹಾಕಿಸಿ, ಆಸನಕ್ಕೆ ಅಂದಿನ ಮಾದರಿಯ ಚರ್ಮವನ್ನೇ ಹುಡುಕಿ ತಂದು, ಕಡೆಗೆ ವರ್ಷಕ್ಕೊಂದು ಸಲ ಮೆರವಣಿಗೆಯಲ್ಲಿ ಓಡಿಸಿ ಮತ್ತೆ ಮುಸುಕು ಹೊದಿಸಿ ಇಡುವವರನ್ನು ಇನ್ನೇನೆಂದು ಕರೆಯಬೇಕು? ಆದರೆ ಹತ್ತಿರ ಹೋಗಿ ನೋಡಿದವರಿಗೆ ಆ ಹುಚ್ಚಿನಲ್ಲಿಯೂ ಒಂದು ಶಿಸ್ತು ಕಾಣುತ್ತದೆ. ಒಂದು ತಿರುಪು ಮೊಳೆ ಕೂಡ ತನ್ನ ಕಾಲದ್ದಾಗಿರಬೇಕು. ಇಲ್ಲದಿದ್ದರೆ ಗಾಡಿ ಸುಳ್ಳು ಹೇಳಿದಂತೆ ಎಂಬುದು ಅವರ ನಂಬಿಕೆ.

ಇಂಥ ಹವ್ಯಾಸಿಗಳಿಗೆ ಅಮೆರಿಕದಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ವಿಚಿತ್ರ ಸಮಸ್ಯೆ ಎದುರಾಗುತ್ತದೆ. 1940ರ ದಶಕದ ಕೊನೆಯ ಅಥವಾ 1950ರ ದಶಕದ ಯಾವುದೋ ದೊಡ್ಡ ಗಾಡಿ. ಡ್ಯಾಷ್‌ಬೋರ್ಡಿನ ಕೆಳಗೆ ಕಪ್ಪನೆಯ, ಕೈಗೆ ಭಾರವಾದ ಟೆಲಿಫೋನ್ ರಿಸೀವರು. ಅದರಿಂದ ಹೊರಟ ದಪ್ಪ ಕೇಬಲ್ಲು ಕಾಲ ಕೆಳಗಿನ ಜಮಖಾನೆಯಡಿ ಹಾದು ಹಿಂದಿನ ಡಿಕ್ಕಿಗೆ ಹೋಗುತ್ತದೆ. ಅಲ್ಲಿ ಟ್ರಂಕು ಪೆಟ್ಟಿಗೆಯಂಥ ಕಬ್ಬಿಣದ ಪೆಟ್ಟಿಗೆ. ಛಾವಣಿಯ ಮೇಲೆ, ನೋಡಿದರೂ ಗಮನಕ್ಕೆ ಬಾರದಂಥ ಒಂದು ತೆಳ್ಳನೆಯ ಸರಳು. ಬಹುಮಂದಿ ಇವನ್ನೆಲ್ಲ ಕಿತ್ತೆಸೆದು, ತೂತುಗಳನ್ನು ಬೆಸುಗೆ ಹಾಕಿ ಮುಚ್ಚಿ, ಬಣ್ಣ ಬಳಿದುಬಿಡುತ್ತಾರೆ. ಕೆಲವರು ಮಾತ್ರ ಹಾಗೆ ಮಾಡಲು ಒಪ್ಪುವುದಿಲ್ಲ. ಗಾಡಿ ಓಡುವಂತಾದ ಮೇಲೆ ಅದರ ಟೆಲಿಫೋನೂ ಮಾತನಾಡಬೇಕಲ್ಲವೆ ಎನ್ನುತ್ತಾರೆ.

ಕಷ್ಟವಿರುವುದು ಇಲ್ಲಿಯೇ. ಇಂಜಿನ್ ಓಡುವುದಕ್ಕೆ ಪೆಟ್ರೋಲು ಬೇಕು, ರಸ್ತೆ ಬೇಕು. ಎರಡೂ ಇನ್ನೂ ಉಂಟು. ಟೆಲಿಫೋನ್ ಮಾತನಾಡುವುದಕ್ಕೆ ಮತ್ತೊಂದು ತುದಿ ಬೇಕು. ಒಂದು ಕೈಯಿಂದ ಚಪ್ಪಾಳೆಯಾಗದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಗಾಡಿಯೊಳಗಿನ ಈ ಉಪಕರಣವೆಲ್ಲ ಒಂದು ಕೈ ಮಾತ್ರ. ಇನ್ನೊಂದು ಕೈ ಊರ ನಡುವಿನ ಗೋಪುರದಲ್ಲಿ, ಎಕ್ಸ್‌ಚೇಂಜಿನ ಹಲಗೆಯ ಮುಂದೆ ಕುಳಿತ ಆಪರೇಟರಳಲ್ಲಿ ಇತ್ತು. ಅದು ಯಾವತ್ತೋ ಹೋಯಿತು. ಹಾಗಾದರೆ ಇಂಥ ಟೆಲಿಫೋನನ್ನು ದುರಸ್ತಿ ಮಾಡುವುದೆಂದರೆ ಏನು ಮಾಡಿದಂತೆ? ಇದಕ್ಕೆ ಉತ್ತರ ಹುಡುಕಬೇಕಾದರೆ ಅದರ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಬೇಕು.

ಗಾಡಿಯಲ್ಲಿ ಕುಳಿತು ಟೆಲಿಫೋನಿನಲ್ಲಿ ಮಾತನಾಡಿದವರ ಕಥೆ ಸ್ವೀಡನ್ನಿನಿಂದ ಮೊದಲಾಗುತ್ತದೆ. ಟೆಲಿಫೋನ್ ಉಪಕರಣಗಳ ತಯಾರಿಕೆಯಲ್ಲಿ ಲೋಕಪ್ರಸಿದ್ಧನಾದ ಲಾರ್ಸ್ ಮ್ಯಾಗ್ನಸ್ ಎರಿಕ್‌ಸನ್ ಕಂಪೆನಿಯ ಕೆಲಸದಿಂದ ನಿವೃತ್ತನಾದ ಮೇಲೆ, ಸುಮಾರು 1910ರಲ್ಲಿ, ತನ್ನ ಪತ್ನಿ ಹಿಲ್ಡಾಳೊಡನೆ ಮೋಟಾರಿನಲ್ಲಿ ತಿರುಗುತ್ತಿದ್ದನಂತೆ. ಮಾತನಾಡಬೇಕೆನಿಸಿದಾಗ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ, ಎರಡು ಉದ್ದನೆಯ ಕೋಲುಗಳನ್ನು ಎತ್ತಿ ಮೇಲಿನ ಟೆಲಿಫೋನ್ ತಂತಿಗಳಿಗೆ ಕೊಕ್ಕೆ ಹಾಕಿ, ಕೈಹಿಡಿ ತಿರುಗಿಸಿ ಎಕ್ಸ್‌ಚೇಂಜನ್ನು ಕರೆಯುತ್ತಿದ್ದರೆಂದು ಹೇಳುತ್ತಾರೆ. ಮಾವಿನಕಾಯಿ ಕೀಳುವ ದೋಟಿಯಂತೆ ಟೆಲಿಫೋನಿಗೂ ಒಂದು ದೋಟಿ! ಆದರೆ ಇದರಲ್ಲಿ ಗಾಡಿ ನಿಂತರೇ ಮಾತು. ಓಡುವ ಗಾಡಿಗೆ ತಂತಿಯ ಸಹವಾಸ ಒದಗದು. ಅದಕ್ಕೆ ರೇಡಿಯೋ ಅಲೆಗಳೇ ಬೇಕು.

ರೇಡಿಯೋವನ್ನು ಗಾಡಿಗೆ ಮೊದಲು ಹತ್ತಿಸಿಕೊಂಡವರು ಪೊಲೀಸರು. 1928ರಲ್ಲಿ ಡೆಟ್ರಾಯಿಟ್ ನಗರದ ಪೊಲೀಸ್ ಇಲಾಖೆ ತನ್ನ ಗಸ್ತಿನ ಗಾಡಿಗಳಿಗೆ ರೇಡಿಯೋ ಮೂಲಕ ಆಜ್ಞೆ ಕಳುಹಿಸುವ ವ್ಯವಸ್ಥೆಯನ್ನು ನಡೆಸತೊಡಗಿತು. ಅದು ಒಮ್ಮುಖದ ಮಾತು. ಗಾಡಿಯಲ್ಲಿದ್ದವನು ಕೇಳಬಲ್ಲ, ಹೇಳಲಾರ. ಉತ್ತರ ಕೊಡಬೇಕಾದರೆ ಇಳಿದು ಬೀದಿಯ ಟೆಲಿಫೋನನ್ನು ಹುಡುಕಬೇಕು. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಎಂಬ ಊರಿನ ಪೊಲೀಸರು ಎರಡೂ ಕಡೆಯಿಂದ ಮಾತನಾಡುವ ಉಪಕರಣವನ್ನು ಗಾಡಿಗಳಲ್ಲಿ ಇರಿಸಿದರು. ಆದರೂ ಒಂದು ಕಂಟಕ ಉಳಿದಿತ್ತು. ಪೆಟ್ರೋಲ್ ಇಂಜಿನ್ ಓಡುವುದೇ ವಿದ್ಯುತ್ ಕಿಡಿಯಿಂದ. ಕಿಡಿ ಹಾರಿದಾಗಲೆಲ್ಲ ಅದೂ ಒಂದು ರೇಡಿಯೋ ಅಲೆಯನ್ನೆಬ್ಬಿಸುತ್ತದೆ. ಕೇಳುವವನ ಕಿವಿಗೆ ಮಾತಿಗಿಂತ ಹೆಚ್ಚಾಗಿ ಚಟಪಟ ಸದ್ದೇ ಬೀಳುತ್ತಿತ್ತು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಎಫ್.ಎಂ. ಪದ್ಧತಿ ಈ ಗಲಭೆಯನ್ನು ಬಹುಮಟ್ಟಿಗೆ ಅಡಗಿಸಿತು. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗೆ ಡೇನಿಯಲ್ ನೋಬಲ್ ಎಂಬ ವಿದ್ವಾಂಸನು ಎಫ್.ಎಂ. ರೇಡಿಯೋಗಳನ್ನು ಹೊಂದಿಸಿಕೊಟ್ಟನು. ಬಳಿಕ ಮೋಟೊರೋಲಾ ಕಂಪೆನಿ ಸೇರಿದ ಅವನ ವಿದ್ಯೆ ಎರಡನೆಯ ಮಹಾಯುದ್ಧದ ಸೈನಿಕರ ಬೆನ್ನೇರಿ ಯುದ್ಧಭೂಮಿಗೂ ಹೋಯಿತು.

ಯುದ್ಧ ಮುಗಿಯುತ್ತಲೇ ಈ ವಿದ್ಯೆ ನಾಗರಿಕರ ಕೈಗೆ ಬಂತು. 1946ನೆಯ ಇಸವಿ ಜೂನ್ 17ರಂದು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿ ನಗರದಲ್ಲಿ ಬೆಲ್ ಕಂಪೆನಿಯವರು ಮೋಟಾರು ಗಾಡಿಗಳಿಗೆ ಟೆಲಿಫೋನ್ ಸೇವೆಯನ್ನು ಆರಂಭಿಸಿದರು. ದುಡ್ಡು ಕೊಟ್ಟ ಯಾರೇ ಆಗಲಿ, ಓಡುವ ಗಾಡಿಯಿಂದ ಯಾವ ಮನೆಯ ಟೆಲಿಫೋನಿಗಾದರೂ ಮಾತನಾಡುವುದು ಅಂದು ಸಾಧ್ಯವಾಯಿತು. ಉಪಕರಣದ ತೂಕ 80 ಪೌಂಡು, ಅಂದರೆ ಸುಮಾರು 36 ಕಿಲೋ. ತಿಂಗಳ ಬಾಡಿಗೆ 15 ಡಾಲರು. ಒಂದೊಂದು ಕರೆಗೆ 30ರಿಂದ 40 ಸೆಂಟು ಬೇರೆ. 1948ರ ವೇಳೆಗೆ ಸುಮಾರು 100 ಊರುಗಳಿಗೆ ಈ ಸೇವೆ ಹಬ್ಬಿ, 5,000 ಗಿರಾಕಿಗಳು ವಾರಕ್ಕೆ 30,000 ಕರೆಗಳನ್ನು ಮಾಡುತ್ತಿದ್ದರು. ಮೊದಲಿಗೆ ಬಂದವರು ವಿದ್ಯುತ್ತು, ನೀರು ಒದಗಿಸುವ ಕಂಪೆನಿಯವರು, ಲಾರಿಗಳ ಮಾಲೀಕರು, ಪತ್ರಿಕೆಯ ವರದಿಗಾರರು. ಶೋಕಿಗೆ ಕೊಳ್ಳುವವರು ಹಿಂದಿನಿಂದ ಬಂದರು.

ಅದರಲ್ಲಿ ಮಾತನಾಡುವ ಬಗೆ ಈಗಿನವರಿಗೆ ತಮಾಷೆಯಾಗಿ ಕಂಡೀತು. ಮೊದಲು ರಿಸೀವರನ್ನು ಕಿವಿಗಿಟ್ಟು, ಆ ಚಾನಲ್ಲಿನಲ್ಲಿ ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೆ ಎಂದು ಕೇಳಬೇಕು. ಮಾತನಾಡುತ್ತಿದ್ದರೆ ಅವರ ಸಂಸಾರದ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಸಭ್ಯರು ಕೆಳಗಿಡುತ್ತಾರೆ, ಉಳಿದವರು ಕೇಳುತ್ತಾರೆ. ಚಾನಲ್ ಖಾಲಿಯಿದ್ದರೆ ಗುಂಡಿ ಒತ್ತಿದಾಗ ಆಪರೇಟರ್ ಉತ್ತರ ಕೊಡುತ್ತಾಳೆ. ಆಕೆಗೆ ಬೇಕಾದ ಸಂಖ್ಯೆಯನ್ನು ಹೇಳಬೇಕು. ಆಕೆ ಕೈಯಾರೆ ಜೋಡಿಸಬೇಕು. ಅನಂತರ ಮಾತನಾಡುವಾಗ ಗುಂಡಿ ಒತ್ತಬೇಕು, ಕೇಳುವಾಗ ಬಿಡಬೇಕು. ಗುಂಡಿ ಬಿಡುವುದನ್ನು ಮರೆತರೆ ಆಚೆಯವರು ಏನು ಹೇಳಿದರೂ ಕೇಳಿಸದು. ಜಗಳವಾಡುವ ದಂಪತಿಗಳಿಗೆ ಇದಕ್ಕಿಂತ ಶಿಸ್ತಿನ ಉಪಕರಣ ಇನ್ನೊಂದಿರಲಿಲ್ಲ. ಒಬ್ಬರು ಮುಗಿಸಿದ ಮೇಲೆಯೇ ಮತ್ತೊಬ್ಬರ ಸರದಿ.

ಚಾನಲ್ಲುಗಳ ಬಡತನವೇ ಈ ವ್ಯವಸ್ಥೆಯ ದೊಡ್ಡ ಕೊರತೆ. ಊರ ನಡುವಿನ ಎತ್ತರದ ಜಾಗದಲ್ಲಿ 250 ವ್ಯಾಟಿನ ಒಂದು ಪ್ರಬಲ ಟ್ರಾನ್ಸ್‌ಮಿಟರು. ಗಾಡಿಯೊಳಗೆ 20 ವ್ಯಾಟಿನದು. ಗೋಪುರದ ಧ್ವನಿ ಗಾಡಿಗೆ ಸುಲಭವಾಗಿ ತಲಪುತ್ತಿತ್ತು, ಗಾಡಿಯ ಧ್ವನಿ ಗೋಪುರಕ್ಕೆ ತಲಪುತ್ತಿರಲಿಲ್ಲ. ಅದಕ್ಕಾಗಿ ಊರ ಸುತ್ತ ಅಲ್ಲಲ್ಲಿ ಕೇಳುವ ಯಂತ್ರಗಳನ್ನು ನಿಲ್ಲಿಸಬೇಕಾಯಿತು. ಒಂದು ಚಾನಲ್ಲಿನಲ್ಲಿ ಒಬ್ಬ ಮಾತನಾಡುತ್ತಿದ್ದರೆ ಇಡೀ ಊರಿನಲ್ಲಿ ಬೇರೆ ಯಾರೂ ಅದನ್ನು ಬಳಸುವಂತಿಲ್ಲ. ಆರಂಭದಲ್ಲಿ ಒಂದು ನಗರಕ್ಕೆ ದೊರೆತದ್ದು ಮೂರೇ ಚಾನಲ್ಲು. ಅಂದರೆ ಊರಿಗೆಲ್ಲ ಒಂದೇ ಗಳಿಗೆಯಲ್ಲಿ ಮೂರೇ ಮಾತುಕತೆ! 1964ರಲ್ಲಿ ಸುಧಾರಿಸಿದ ವ್ಯವಸ್ಥೆ ಬಂದು, ಆಪರೇಟರಳ ನೆರವಿಲ್ಲದೆ ಗಾಡಿಯಿಂದಲೇ ಡಯಲ್ ಮಾಡುವುದೂ, ಗುಂಡಿ ಒತ್ತದೆ ಮಾತನಾಡುವುದೂ ಸಾಧ್ಯವಾಯಿತು. ಆದರೂ ನೂಕುನುಗ್ಗಲು ಕಡಿಮೆಯಾಗಲಿಲ್ಲ. 1976ರಲ್ಲಿ ನ್ಯೂಯಾರ್ಕಿನಂಥ ಮಹಾನಗರದಲ್ಲಿ ಬೆಲ್ ಕಂಪೆನಿಯ ಗಾಡಿ ಟೆಲಿಫೋನು ಇದ್ದವರು 500ಕ್ಕೆ ಸ್ವಲ್ಪ ಮೇಲ್ಪಟ್ಟು. ಸರದಿಗಾಗಿ ಕಾದಿದ್ದವರು 3,700 ಮಂದಿ.

ದುರ್ಲಭವಾದದ್ದಕ್ಕೆ ದೊಡ್ಡಸ್ತಿಕೆ ತಾನಾಗಿಯೇ ಅಂಟಿಕೊಳ್ಳುತ್ತದೆ. 1954ರಲ್ಲಿ ತೆರೆಕಂಡ 'ಸಬ್ರೀನಾ' ಎಂಬ ಹಾಲಿವುಡ್ ಚಿತ್ರದಲ್ಲಿ ಹಂಫ್ರಿ ಬೊಗಾರ್ಟ್ ಕೋಟ್ಯಧೀಶ ವ್ಯಾಪಾರಿಯಾಗಿ ಬರುತ್ತಾನೆ. ಅವನ ಐಶ್ವರ್ಯವನ್ನು ಪ್ರೇಕ್ಷಕರಿಗೆ ಮನಗಾಣಿಸಲು ಕಾರಿನ ಹಿಂದಿನ ಆಸನದ ಟೆಲಿಫೋನು ಸಾಕಾಯಿತು. ರಾಜಕಾರಣಿಗಳ ನಡುವಣ ಒಂದು ಕಥೆಯೂ ಉಂಟು. ಸೆನೆಟ್ ಸಭೆಯಲ್ಲಿ ಬಹುಮತದ ಪಕ್ಷದ ನಾಯಕನಾಗಿದ್ದ ಲಿಂಡನ್ ಜಾನ್ಸನ್ನನ ಗಾಡಿಯಲ್ಲಿ ಟೆಲಿಫೋನ್ ಇತ್ತು. ಎದುರು ಪಕ್ಷದ ನಾಯಕ ಎವರೆಟ್ ಡರ್ಕ್‌ಸನ್ ತನಗೂ ಒಂದು ಬೇಕೆಂದು ಹಟಹಿಡಿದು ಹಾಕಿಸಿಕೊಂಡು, ಮೊದಲ ಕರೆಯನ್ನು ಜಾನ್ಸನ್ನನ ಗಾಡಿಗೇ ಮಾಡಿ, ತಾನೂ ಗಾಡಿಯಿಂದಲೇ ಮಾತನಾಡುತ್ತಿರುವುದಾಗಿ ಬೀಗಿದನಂತೆ. ಜಾನ್ಸನ್, ತನ್ನ ಗಾಡಿಯ ಇನ್ನೊಂದು ಟೆಲಿಫೋನು ಗಂಟೆ ಬಾರಿಸುತ್ತಿದೆ, ಸ್ವಲ್ಪ ತಾಳು ಎಂದನಂತೆ!

ಯುರೋಪಿನಲ್ಲಿಯೂ ಇದೇ ಕಾಲಕ್ಕೆ ಪ್ರಯತ್ನಗಳು ನಡೆದವು. ಸ್ವೀಡನ್ನಿನಲ್ಲಿ 1956ರಲ್ಲಿ ಆಪರೇಟರ್ ಇಲ್ಲದೆ ತಾನೇ ಜೋಡಿಸಿಕೊಡುವ ಗಾಡಿ ಟೆಲಿಫೋನು ಬಂತು. ಅದರ ತೂಕ 40 ಕಿಲೋ. ಬ್ಯಾಟರಿಯನ್ನು ಅದು ಎಷ್ಟು ಹೀರುತ್ತಿತ್ತೆಂದರೆ, ಅದರಲ್ಲಿ ಎರಡು ಕರೆ ಮಾತ್ರ ಮಾಡಬಹುದು, ಎರಡನೆಯದು ಗಾಡಿಯನ್ನು ಎಳೆದೊಯ್ಯುವವರಿಗೆ ಎಂದು ಜನ ನಗೆಯಾಡುತ್ತಿದ್ದರು. ಪಶ್ಚಿಮ ಜರ್ಮನಿಯ ಎ-ನೆಟ್ಸ್ ಎಂಬ ವ್ಯವಸ್ಥೆ 1958ರಿಂದ 1977ರವರೆಗೆ ಆಪರೇಟರ್‌ಗಳ ಕೈಯಿಂದಲೇ ನಡೆಯಿತು.

ಇನ್ನು ಏರಿಯಲ್ಲಿನ ವಿಚಾರ. ಗಾಡಿಯ ಟೆಲಿಫೋನಿನ ವಯಸ್ಸನ್ನು ತಿಳಿಯಬೇಕಾದರೆ ಒಳಗೆ ಇಣುಕುವುದೇ ಬೇಡ. ಕುದುರೆಯ ಹಲ್ಲು ನೋಡಿ ಪ್ರಾಯ ಹೇಳುವಂತೆ ಏರಿಯಲ್ಲಿನ ಉದ್ದ ನೋಡಿ ಹೇಳಬಹುದು. ರೇಡಿಯೋ ಅಲೆಗೆ ಇಷ್ಟು ಎಂದು ಒಂದು ಉದ್ದವಿರುತ್ತದೆ. ಏರಿಯಲ್ಲು ಸಾಮಾನ್ಯವಾಗಿ ಅದರ ಕಾಲು ಭಾಗದಷ್ಟಿರಬೇಕು. 1947ರಲ್ಲಿ ನ್ಯೂಯಾರ್ಕ್ ಮತ್ತು ಬಾಸ್ಟನ್ ನಡುವಣ ಹೆದ್ದಾರಿಗೆಂದು ಆರಂಭಿಸಿದ ಸೇವೆ ನಡೆದದ್ದು 35ರಿಂದ 44 ಮೆಗಾಹರ್ಟ್ಸ್ ಅಲೆಗಳಲ್ಲಿ. ಅವುಗಳ ಉದ್ದ ಏಳೆಂಟು ಮೀಟರು. ಹಾಗಾಗಿ ಏರಿಯಲ್ಲು ಆಳುದ್ದದ ಚಾಟಿ. ನಗರಗಳ ಸೇವೆ 150 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿತ್ತು. ಅಲೆಯ ಉದ್ದ 2 ಮೀಟರು, ಏರಿಯಲ್ಲು ಸುಮಾರು 50 ಸೆಂಟಿಮೀಟರು. ಮುಂದೆ ಬಂದ ಸೆಲ್ಯುಲರ್ ಟೆಲಿಫೋನಿನ ಅಲೆ 35 ಸೆಂಟಿಮೀಟರಿನಷ್ಟು. ಅದರ ಕಾಲುಭಾಗ ಒಂದು ಗೇಣಿಗೂ ಕಡಿಮೆ.

ಕಾಲುಭಾಗ ಸಾಕಾಗುವುದಾದರೂ ಹೇಗೆ? ಅದಕ್ಕೆ ಕಾರಣ ಗಾಡಿಯ ಛಾವಣಿ. ಏರಿಯಲ್ಲಿನ ಬುಡದಲ್ಲಿ ಹರಡಿರುವ ಲೋಹದ ತಗಡು ಕನ್ನಡಿಯಂತೆ ವರ್ತಿಸಿ, ಏರಿಯಲ್ಲಿನ ಇಲ್ಲದ ಅರ್ಧವನ್ನು ತಾನು ತುಂಬಿಕೊಡುತ್ತದೆ. ಆದ್ದರಿಂದಲೇ ಛಾವಣಿಯ ನಟ್ಟನಡುವೆ ನಿಂತ ಏರಿಯಲ್ಲು ಮಡ್‌ಗಾರ್ಡಿನ ಮೂಲೆಯಲ್ಲಿ ನಿಂತದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹಳೆಯ ಗಾಡಿಗೆ ಬಣ್ಣ ಹಾಕುವವನು ಅಂದವಾಗಿರಲೆಂದು ಏರಿಯಲ್ಲಿನ ಬುಡದಡಿಗೂ ದಪ್ಪನಾಗಿ ಬಣ್ಣ ಬಳಿದನೋ, ಏರಿಯಲ್ಲಿಗೂ ತಗಡಿಗೂ ಸಂಬಂಧ ಕಡಿದುಹೋಗುತ್ತದೆ. ನೋಡಲು ಎಲ್ಲವೂ ಸರಿ, ಕೆಲಸಕ್ಕೆ ಮಾತ್ರ ಏನೂ ಇಲ್ಲ. ಬುಡದ ಸುತ್ತ ಒಂದು ಉಂಗುರದಷ್ಟು ಜಾಗವನ್ನು ಲೋಹ ಕಾಣುವಂತೆ ಉಜ್ಜಿ ಬಿಡಬೇಕು. ತುಕ್ಕು ಹಿಡಿಯದಂತೆ ಮೇಲೆ ರಬ್ಬರಿನ ಬಿಲ್ಲೆ ಕೂಡಿಸಬೇಕು.

1980ರ ದಶಕದ ಅಮೆರಿಕದ ಗಾಡಿಗಳನ್ನು ಕಂಡವರಿಗೆ ಮತ್ತೊಂದು ಬಗೆಯ ಏರಿಯಲ್ಲು ನೆನಪಿರಬಹುದು. ಹಿಂಬದಿಯ ಗಾಜಿಗೆ ಅಂಟಿಸಿದ ಸುಮಾರು ಒಂದು ಅಡಿಯ ಕಡ್ಡಿ. ನಡುವೆ ಹಂದಿಯ ಬಾಲದಂತೆ ನಾಲ್ಕಾರು ಸುರುಳಿ. ಆ ಸುರುಳಿ ಅಲಂಕಾರಕ್ಕಲ್ಲ. ಕಡ್ಡಿಯ ಮೇಲಿನ ತುಂಡೂ ಕೆಳಗಿನ ತುಂಡೂ ಒಂದಕ್ಕೊಂದು ಎದುರಾಡದೆ ಒಮ್ಮನಸ್ಸಿನಿಂದ ಅಲೆಯನ್ನು ಹೊರಡಿಸುವಂತೆ ನೋಡಿಕೊಳ್ಳುವುದು ಅದರ ಕೆಲಸ. ಗಾಜಿಗೆ ತೂತು ಕೊರೆಯುವ ಹಾಗಿಲ್ಲವಲ್ಲ. ಒಳಬದಿಗೆ ಒಂದು ಲೋಹದ ಬಿಲ್ಲೆ, ಹೊರಬದಿಗೆ ಇನ್ನೊಂದು ಬಿಲ್ಲೆ ಅಂಟಿಸಿದರೆ ನಡುವಣ ಗಾಜನ್ನು ದಾಟಿಕೊಂಡು ಶಕ್ತಿ ಹರಿಯುತ್ತದೆ. ಈ ಸುರುಳಿ ಕಡ್ಡಿ ಸಿರಿವಂತಿಕೆಯ ಗುರುತಾಗಿ, ಟೆಲಿಫೋನೇ ಇಲ್ಲದವರಿಗಾಗಿ ಬರಿಯ ಹುಸಿ ಏರಿಯಲ್ಲುಗಳನ್ನು ಕೂಡ ಮಾರುತ್ತಿದ್ದರು. ಹಳೆಯ ಗಾಡಿ ಕೊಂಡು, ಹೊರಗಿನ ಏರಿಯಲ್ಲಿಗೆ ಒಳಗೆ ಜೊತೆಯ ಬಿಲ್ಲೆಯೇ ಇಲ್ಲದ್ದನ್ನು ಕಂಡು ಬೆರಗಾಗುವವರು ಈ ಮಾತನ್ನು ನೆನೆಯಬೇಕು.

ಚಾನಲ್ಲುಗಳ ಬಡತನಕ್ಕೆ ಮದ್ದು ಬಹು ಹಿಂದೆಯೇ ಹೊಳೆದಿತ್ತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯ ಡಗ್ಲಾಸ್ ರಿಂಗ್, ಸಹೋದ್ಯೋಗಿ ರೇ ಯಂಗ್ ನೆರವಿನಿಂದ, ಒಂದು ಟಿಪ್ಪಣಿ ಬರೆದನು. ಊರಿಗೆಲ್ಲ ಒಂದು ದೊಡ್ಡ ಗೋಪುರದ ಬದಲು ಊರನ್ನು ಜೇನುಗೂಡಿನ ಕೋಶಗಳಂತೆ ಆರು ಮೂಲೆಯ ತುಣುಕುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಸಣ್ಣ ಗೋಪುರ ನಿಲ್ಲಿಸಿದರೆ, ಒಂದೇ ಚಾನಲ್ಲನ್ನು ದೂರದೂರದ ಕೋಶಗಳಲ್ಲಿ ಮತ್ತೆ ಮತ್ತೆ ಬಳಸಬಹುದು ಎಂಬುದು ಅದರ ಸಾರ. ಇಂದು ನಾವೆಲ್ಲ ಬಾಯಿಮಾತಿಗೆ 'ಸೆಲ್' ಎನ್ನುವುದು ಈ ಕೋಶವನ್ನೇ. ಆದರೆ ಓಡುವ ಗಾಡಿ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವಾಗ ಮಾತು ಕಡಿಯದಂತೆ ವರ್ಗಾಯಿಸಬಲ್ಲ ಯಂತ್ರ ಆಗ ಇರಲಿಲ್ಲ. ಸಾಕಷ್ಟು ಅಲೆಗಳನ್ನು ಸರ್ಕಾರ ಬಿಟ್ಟುಕೊಡಲೂ ಇಲ್ಲ. ಆ ಟಿಪ್ಪಣಿ ಫಲಿಸಲು 30 ವರ್ಷಗಳಿಗೂ ಮೇಲೆ ಬೇಕಾಯಿತು. 1979ರ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ ಕೋಶ ಪದ್ಧತಿಯ ಗಾಡಿ ಟೆಲಿಫೋನು ಬಂತು. 1981ರಲ್ಲಿ ಸ್ವೀಡನ್, ನಾರ್ವೆ ಮೊದಲಾದ ಉತ್ತರದ ದೇಶಗಳಲ್ಲಿ ಬಂತು. ಅಮೆರಿಕದಲ್ಲಿ 1983ರ ಅಕ್ಟೋಬರ್ 13ರಂದು ಷಿಕಾಗೋ ನಗರದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದ ಬಳಿ ನಿಂತ ಕಾರಿನಿಂದ ಮೊದಲ ಕರೆ ಹೋಯಿತು. ಜರ್ಮನಿಯಲ್ಲಿದ್ದು ಅದನ್ನು ಸ್ವೀಕರಿಸಿದವನು ಟೆಲಿಫೋನಿನ ಜನಕ ಗ್ರಹಾಂ ಬೆಲ್ಲನ ವಂಶಸ್ಥ.

ಗಾಡಿಯ ಟೆಲಿಫೋನಿಗೆ ಅದು ಸುವರ್ಣಕಾಲ. ಅದರ ಅಂತ್ಯದ ಆರಂಭವೂ ಅದೇ. 1973ರ ಏಪ್ರಿಲ್ 3ರಂದೇ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿದ ಟೆಲಿಫೋನಿನಿಂದ ಮಾತನಾಡಿ ತೋರಿಸಿದ್ದನು. ಹತ್ತು ವರ್ಷಗಳ ಬಳಿಕ ಅಂಥದೇ ಒಂದು ಉಪಕರಣ 3,995 ಡಾಲರಿನ ಬೆಲೆಯಲ್ಲಿ ಮಾರುಕಟ್ಟೆಗೆ ಬಂತು. ಟೆಲಿಫೋನು ಮನುಷ್ಯನ ಜೇಬಿಗೆ ಇಳಿದ ಮೇಲೆ ಗಾಡಿಗೆ ಬೇರೆ ಒಂದು ಏಕೆ? 2008ರ ಫೆಬ್ರವರಿ 18ರ ಬಳಿಕ ಹಳೆಯ ಅನಲಾಗ್ ಸೆಲ್ ಸೇವೆಯನ್ನು ನಡೆಸಲೇಬೇಕೆಂಬ ನಿಯಮವನ್ನು ಅಮೆರಿಕ ಸರ್ಕಾರ ಸಡಿಲಿಸಿತು. ಕಂಪೆನಿಗಳು ಗೋಪುರಗಳ ಆ ಯಂತ್ರಗಳನ್ನು ಆರಿಸಿದವು. ಸುರುಳಿ ಏರಿಯಲ್ಲುಗಳೆಲ್ಲ ಅಲ್ಲಿಗೆ ಮೂಕವಾದವು. ನಮ್ಮ ದೇಶದ ಸಾಮಾನ್ಯ ಜನ ಈ ಮೆಟ್ಟಿಲನ್ನು ಹತ್ತಲೇ ಇಲ್ಲ. 1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯ ಸುಖರಾಂ ಅವರೊಡನೆ ಮಾತನಾಡಿ ಸೇವೆಯನ್ನು ಉದ್ಘಾಟಿಸಿದಾಗ ಮೊಬೈಲು ನೇರವಾಗಿ ಕೈಗೇ ಬಂತು. ನಮ್ಮ ಅಂಬಾಸಿಡರ್, ಫಿಯೆಟ್ ಗಾಡಿಗಳ ಮಡ್‌ಗಾರ್ಡಿನ ಮೇಲೆ ಕಾಣುತ್ತಿದ್ದದ್ದು ಹಾಡು ಕೇಳುವ ರೇಡಿಯೋದ ಏರಿಯಲ್ಲು.

ಈಗ ದುರಸ್ತಿಗೆ ಹೊರಟವನ ಬಳಿಗೆ ಬರೋಣ. ಡಿಕ್ಕಿಯ ಪೆಟ್ಟಿಗೆ ತೆರೆದೊಡನೆ ಅವನ ಕೈ ಬ್ಯಾಟರಿಯ ತಂತಿಯನ್ನು ಜೋಡಿಸಿ ನೋಡಲು ತವಕಿಸುತ್ತದೆ. ಅದೇ ಮೊದಲ ತಪ್ಪು. ಒಳಗಿರುವ ವಾಲ್ವುಗಳಿಗೆ ನೂರಾರು ವೋಲ್ಟು ಬೇಕು. ಅಂದಿನ ಗಾಡಿಯ ಬ್ಯಾಟರಿ ಕೊಡುತ್ತಿದ್ದದ್ದು 6 ವೋಲ್ಟು. ಅದನ್ನು ಏರಿಸಿಕೊಡಲು ವೈಬ್ರೇಟರ್ ಇಲ್ಲವೆ ಡೈನಮೋಟರ್ ಎಂಬ ಯಂತ್ರ ಇರುತ್ತದೆ. ಗುಂಡಿ ಒತ್ತಿ ಮಾತನಾಡುವಾಗ ಗಾಡಿಯ ದೀಪಗಳು ಮಂಕಾಗುತ್ತಿದ್ದದ್ದು ಈ ಯಂತ್ರದ ಹಸಿವಿನಿಂದ. ದಶಕಗಳ ಕಾಲ ಸುಮ್ಮನೆ ಕುಳಿತ ಕಂಡೆನ್ಸರುಗಳು ಒಣಗಿ, ಒಳಗೊಳಗೇ ಸೋರಿ ಕೆಟ್ಟಿರುತ್ತವೆ. ಅವನ್ನು ಬದಲಾಯಿಸದೆ ವಿದ್ಯುತ್ತು ಹರಿಸಿದರೆ, ಮತ್ತೆ ಎಲ್ಲಿಯೂ ದೊರೆಯದ ಟ್ರಾನ್ಸ್‌ಫಾರ್ಮರು ಸುಟ್ಟು ಕೂರುತ್ತದೆ. ರಬ್ಬರು ಹೊದಿಸಿದ ತಂತಿ ಮುಟ್ಟಿದರೆ ಪುಡಿಯಾಗುತ್ತದೆ. ಏರಿಯಲ್ಲಿನಿಂದ ಬರುವ ಕೇಬಲ್ಲಿನ ಹೆಣಿಗೆಯಲ್ಲಿ ಮಳೆನೀರು ಇಳಿದು ತಾಮ್ರವೆಲ್ಲ ಹಸಿರು ಕಿಲುಬು. ಇವನ್ನೆಲ್ಲ ಒಂದೊಂದಾಗಿ ಬಿಚ್ಚಿ, ಪರೀಕ್ಷಿಸಿ, ಸತ್ತದ್ದನ್ನು ಮಾತ್ರ ತೆಗೆದು, ಬದುಕಿದ್ದನ್ನು ಉಳಿಸಿ, ವಿದ್ಯುತ್ತನ್ನು ಹನಿಹನಿಯಾಗಿ ಏರಿಸುತ್ತ ಬಂದರೆ, ಒಂದು ದಿನ ವಾಲ್ವುಗಳು ಕೆಂಪಗೆ ಬೆಳಗುತ್ತವೆ. ರಿಸೀವರಿನಲ್ಲಿ ಸೊಂಯ್ ಎಂಬ ಸದ್ದು ಕೇಳುತ್ತದೆ.

ಆ ಸದ್ದಿನ ಆಚೆಗೆ ಏನೂ ಇಲ್ಲ. ಇಲ್ಲಿಂದ ಮುಂದೆ ಹವ್ಯಾಸಿಗಳು ಮೂರು ದಾರಿ ಹಿಡಿಯುತ್ತಾರೆ. ಕೆಲವರು ಹೊರಗಿನ ಹೊಳಪಿಗೆ ತೃಪ್ತರಾಗಿ ಸುಮ್ಮನಾಗುತ್ತಾರೆ. ಕೆಲವರು ಹಳೆಯ ರಿಸೀವರಿನ ಒಡಲು ಬಗೆದು ಇಂದಿನ ಬ್ಲೂಟೂತ್ ಉಪಕರಣವನ್ನು ಕೂಡಿಸುತ್ತಾರೆ. ಜೇಬಿನ ಮೊಬೈಲಿಗೆ ಬಂದ ಕರೆ ಹಳೆಯ ಗಂಟೆಯನ್ನು ಬಾರಿಸುತ್ತದೆ. ಕೇಳಲು ಸೊಗಸು, ಆದರೆ ಮಾತನಾಡುತ್ತಿರುವುದು ಹಳೆಯ ಟೆಲಿಫೋನಲ್ಲ, ಅದರ ವೇಷ. ಮೂರನೆಯವರು ಅಮೆಚೂರ್ ರೇಡಿಯೋ ಪರವಾನಗಿ ಉಳ್ಳವರು. ಹಳೆಯ ಅಲೆಗಳು ಬೇರೆ ಕೆಲಸಗಳಿಗೆ ಹಂಚಿಹೋಗಿರುವುದರಿಂದ, ನೆರೆಯಲ್ಲೇ ಇರುವ 144 ಮೆಗಾಹರ್ಟ್ಸ್‌ನ ಹವ್ಯಾಸಿ ಅಲೆಗಳಿಗೆ ಹೊಂದುವಂತೆ ಹರಳುಗಳನ್ನು ಬದಲಿಸಿ, ಅದೇ ವಾಲ್ವು, ಅದೇ ಏರಿಯಲ್ಲಿನಿಂದ ಇನ್ನೊಬ್ಬ ಹವ್ಯಾಸಿಯೊಡನೆ ಮಾತನಾಡುತ್ತಾರೆ. ಯಂತ್ರ ನಿಜವಾಗಿ ದುಡಿಯುತ್ತದೆ. ಆದರೆ ಟೆಲಿಫೋನು ಹೋಗಿ ಬರಿಯ ರೇಡಿಯೋ ಆಗುತ್ತದೆ.

ನಾಲ್ಕನೆಯ ದಾರಿಯೊಂದನ್ನು ಈಚೆಗೆ ಕೆಲವರು ಕಂಡುಕೊಂಡಿದ್ದಾರೆ. ಗಾಡಿಯ ಟೆಲಿಫೋನಿಗೆ ಬೇಕಾದದ್ದು ಇನ್ನೊಂದು ಕೈ ತಾನೆ? ಆ ಕೈಯನ್ನೇ ಹೊಸದಾಗಿ ಮಾಡಬಾರದೇಕೆ ಎಂದು ಕೇಳಿಕೊಂಡವರು ಅವರು. ಆಸ್ಮೊಕಾಮ್-ಅನಲಾಗ್ ಎಂಬ ಕಂಪ್ಯೂಟರ್ ಪ್ರೋಗ್ರಾಮು ಜರ್ಮನಿಯ ಎ, ಬಿ, ಸಿ ವ್ಯವಸ್ಥೆಗಳು, ಉತ್ತರ ದೇಶಗಳ ವ್ಯವಸ್ಥೆ, ಅಮೆರಿಕದ ಹಳೆಯ ಗಾಡಿ ಟೆಲಿಫೋನು ಮತ್ತು ಸೆಲ್ ಸೇವೆ, ಇವೆಲ್ಲದರ ಗೋಪುರದ ಪಾತ್ರವನ್ನು ವಹಿಸಬಲ್ಲದು. ಸತ್ತುಹೋದ ಎಕ್ಸ್‌ಚೇಂಜಿನ ಸಂಕೇತಗಳನ್ನು ಅದು ಅಂದಿನಂತೆಯೇ ನುಡಿಯುತ್ತದೆ. ಅಲೆಗಳು ಹೊರಗೆ ಹೋಗಿ ಇತರರಿಗೆ ತೊಂದರೆಯಾಗದಂತೆ, ಕಾನೂನು ಒಪ್ಪುವ ಮಿತಿಯೊಳಗೆ ಇದನ್ನು ನಡೆಸಬೇಕು. ಆಗ ಹಳೆಯ ಪೆಟ್ಟಿಗೆ ಆ ಸಂಕೇತವನ್ನು ಗುರುತಿಸಿ ತನ್ನ ಗಂಟೆಯನ್ನು ತಾನೇ ಬಾರಿಸುತ್ತದೆ.

ನನಗೆ ಇದು ಬಹಳ ಅರ್ಥವುಳ್ಳ ಕೆಲಸವಾಗಿ ಕಾಣುತ್ತದೆ. ದೇಗುಲದ ವಿಗ್ರಹವನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಶಿಲ್ಪ ಉಳಿಯುತ್ತದೆ, ಪೂಜೆ ಉಳಿಯುವುದಿಲ್ಲ. ಮನುಷ್ಯನು ಮಾಡಿದ ಯಂತ್ರಗಳಲ್ಲಿ ಒಂಟಿಯಾಗಿ ಬದುಕುವವು ಕೆಲವು. ಗಡಿಯಾರ, ಹೊಲಿಗೆಯ ಯಂತ್ರ ಇವು ಆ ಜಾತಿ. ಇತರರ ಆಸರೆಯಿಂದ ಬದುಕುವವು ಬಹಳ. ಇಂದು ನಮ್ಮ ಕೈಯಲ್ಲಿರುವ ಮೊಬೈಲು ಎರಡನೆಯ ಜಾತಿಗೆ ಸೇರಿದ್ದು. ಐವತ್ತು ವರ್ಷಗಳ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆಯುವ ಮೊಮ್ಮಕ್ಕಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ದುರಸ್ತಿ ಮಾಡುವವರಲ್ಲಿ ಒಂದು ಬಿನ್ನಹ: ತೆಗೆದ ಭಾಗಗಳನ್ನು ಎಸೆಯದೆ ಡಬ್ಬಿಯಲ್ಲಿಡಿ, ಯಾವುದು ಹಳೆಯದು, ಯಾವುದು ಹೊಸದು ಎಂದು ಒಂದು ಚೀಟಿ ಬರೆದು ಗಾಡಿಯಲ್ಲಿಯೇ ಇರಿಸಿ.

ಇಷ್ಟೆಲ್ಲ ಆದ ಮೇಲೆಯೂ ಒಂದು ಕೊರತೆ ಉಳಿದೇ ಉಳಿಯುತ್ತದೆ. 1946ರ ವ್ಯವಸ್ಥೆಯಲ್ಲಿ ಕಂಪ್ಯೂಟರು ಗೋಪುರದ ಕೆಲಸವನ್ನೆಲ್ಲ ಮಾಡೀತು. ಗಾಡಿಯವನು ಗುಂಡಿ ಒತ್ತಿದಾಗ ಯಾವ ಸಂಖ್ಯೆ ಬೇಕೆಂದು ಕೇಳುವುದಕ್ಕೆ ಒಬ್ಬ ಮನುಷ್ಯರು ಬೇಕು. ದೊಡ್ಡವರ ವ್ಯಾಪಾರ, ಚಿಕ್ಕವರ ಸಂಕಟ ಎಲ್ಲವನ್ನೂ ಕೇಳಿಸಿಕೊಂಡು, ಏನೂ ಕೇಳದವರಂತೆ ತಂತಿ ಜೋಡಿಸುತ್ತಿದ್ದ ಆ ಹೆಂಗಸರ ಹೆಸರು ಯಾವ ಪೆಟ್ಟಿಗೆಯ ಮೇಲೂ ಇಲ್ಲ. ಗಾಡಿಯ ಟೆಲಿಫೋನನ್ನು ಅಂದಿನಂತೆಯೇ ಮಾತನಾಡಿಸಬೇಕೆಂದು ಹಟ ಹಿಡಿದವನು ಕಡೆಗೆ ಮನೆಯವರಲ್ಲಿ ಯಾರನ್ನಾದರೂ ಒಪ್ಪಿಸಿ ಕಂಪ್ಯೂಟರಿನ ಮುಂದೆ ಕೂರಿಸಬೇಕು. ತಾನು ಹೊರಗೆ ಗಾಡಿಯಲ್ಲಿ ಕುಳಿತು ಗುಂಡಿ ಒತ್ತಬೇಕು. ಒಳಗಿನಿಂದ ಯಾವ ಸಂಖ್ಯೆ ಬೇಕೆಂಬ ಪ್ರಶ್ನೆ ಬಂದಾಗ, ಅವನ ದುರಸ್ತಿ ಮುಗಿಯಿತು.